ಲೆಕ್ಕಕ್ಕೆ ಸಿಗದ ಮುಪ್ಪು

ನಮ್ಮ ಕೋಲಾರದ ಕಡೆ ಪುಂಡಾಟ ಆಡುವ ಹುಡುಗರಿಗೆ ಮನೆಯವರು ಕೊಡುವ ಎಚ್ಚರಿಕೆ ಒಂದೇ: ‘ಹಿಂಗೇ ಆಡ್ತಿರು, ಒಂದಿನ ಮುದ್ದೆ ಮುರಿಯೋಕೆ ಹೋಗ್ತೀಯ.’ ಯಾವ ಮುದ್ದೆ, ಎಲ್ಲಿಯ ಮುದ್ದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜೈಲಿನ ಇದೇ ಮಾತು ವಯಸ್ಸಾದವರ ಬಾಯಿಗೆ ಬಂದಾಗ ಮಾತ್ರ ದಿಕ್ಕು ಬದಲಾಗುತ್ತದೆ. ಮಕ್ಕಳ ಹತ್ತಿರ ಅನ್ನಿಸಿಕೊಂಡು ಸಾಕಾಗಿ ಜಗಲಿ ಮೇಲೆ ಬಂದು ಕೂತ ತಾತ ‘ಇದಕ್ಕಿಂತ ಜೈಲಾದ್ರೂ ವಾಸಿ ಕಣಪ್ಪ, ಹೊತ್ತೊತ್ತಿಗೆ ಹಾಕ್ತಾರೆ’ ಅನ್ನುತ್ತಾನೆ. ಕೇಳಿದವರು ನಕ್ಕು ಮುಂದೆ ಹೋಗುತ್ತಾರೆ. 2024ರಲ್ಲಿ ಸಿನಿಮಾ ನಟರೊಬ್ಬರು ಪರಪ್ಪನ ಅಗ್ರಹಾರ ಜೈಲು ಸೇರಿದಾಗ ಟೀವಿಯವರು ಬೆಳಗಿನ ತಿಂಡಿ ಏನು, ಮಧ್ಯಾಹ್ನಕ್ಕೆ ಚಪಾತಿ ಎಷ್ಟು, ಮಜ್ಜಿಗೆ ಉಂಟೋ ಇಲ್ಲವೋ ಎಂದು ವಾರಗಟ್ಟಲೆ ತೋರಿಸಿದರಲ್ಲ, ಆಗ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ರಾತ್ರಿ ಕಳೆಯುವ ಎಷ್ಟು ಮುದುಕರು ಆ ಪಟ್ಟಿಯನ್ನು ಕೇಳಿಸಿಕೊಂಡಿರಬಹುದು? ಅವರಿಗೆ ಅದು ಸುದ್ದಿಯಾಗಿ ಕೇಳಿಸಿರಲಾರದು.

ನಗುವ ಮಾತನ್ನೇ ಒಮ್ಮೆ ಗಟ್ಟಿಯಾಗಿ ಹಿಡಿದು ಕೇಳೋಣ. ಮುಪ್ಪಿನಲ್ಲಿ ತಲೆ ಮೇಲೆ ಸೂರಿಲ್ಲದವರಿಗೆ ಜೈಲು ನಿಜವಾಗಿಯೂ ವಾಸಿಯೇ?

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. ಹಳಬರು ಧಾತು–ಈಶ್ವರ ಬರ ಎಂದು ಕರೆಯುತ್ತಿದ್ದ 1876–78ರ ಕ್ಷಾಮ ಮೈಸೂರು ಸೀಮೆಯಲ್ಲಿ ಅತಿ ಹೆಚ್ಚು ಹಿಂಡಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆ ವರ್ಷಗಳಲ್ಲಿ ದಕ್ಷಿಣ ಭಾರತದ ಜೈಲುಗಳು ತುಂಬಿ ತುಳುಕಿದವು. ಹಗೇವಿನ ಕಾಳು ಕದ್ದವರು, ಹೊಲದ ತೆನೆ ಕೊಯ್ದುಕೊಂಡವರು, ಸಂತೆಗೆ ಹೊರಟ ಗಾಡಿಗೆ ಕೈ ಹಾಕಿದವರು ಒಳಗೆ ಬಂದರು. ಅವರಲ್ಲಿ ಬಹಳ ಜನ ಅದಕ್ಕೆ ಮುಂಚೆ ಯಾವ ಠಾಣೆಯ ಮೆಟ್ಟಿಲನ್ನೂ ಹತ್ತಿದವರಲ್ಲ.

1877ರ ಜನವರಿಯಲ್ಲಿ ಕ್ಷಾಮ ಪರಿಹಾರದ ಖರ್ಚಿಗೆ ಕಡಿವಾಣ ಹಾಕಲು ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕ ಹಾಕಿದರು. ಅರ್ಧ ಕಿಲೋಗೂ ಕಡಿಮೆ. ಅದರ ಜೊತೆಗೆ ಚಿಲ್ಲರೆ ಕಾಸು. ಮದ್ರಾಸಿನ ನೈರ್ಮಲ್ಯ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ಅವರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಜೈಲಿನ ಆಹಾರದ ಪಟ್ಟಿಯೇ. ಯಾವ ತಪ್ಪೂ ಮಾಡದೆ ಬಿಸಿಲಲ್ಲಿ ದುಡಿಯುವವನಿಗೆ ಸರ್ಕಾರ ಕೊಡುತ್ತಿದ್ದುದು, ಸೆರೆಯಲ್ಲಿದ್ದವನಿಗೆ ಅದೇ ಸರ್ಕಾರ ಕೊಡುತ್ತಿದ್ದುದಕ್ಕಿಂತ ಕಡಿಮೆ. ಕೆಲವು ತಿಂಗಳ ಜಗ್ಗಾಟದ ನಂತರ ಮದ್ರಾಸು ಸರ್ಕಾರ ಆ ಪಡಿಯನ್ನು ಏರಿಸಬೇಕಾಯಿತು. ಅಷ್ಟರಲ್ಲಿ ಹೋಗುವವರು ಹೋಗಿದ್ದರು.

ಇದರ ಹಿಂದೆ ಇಂಗ್ಲೆಂಡಿನ 1834ರ ಬಡವರ ಕಾನೂನಿನ ತರ್ಕ ಇತ್ತು. ಸರ್ಕಾರದ ಅನ್ನ ತಿನ್ನುವವನ ಬದುಕು, ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಒಂದು ಮೆಟ್ಟಿಲು ಕೆಳಗೇ ಇರಬೇಕು, ಇಲ್ಲದಿದ್ದರೆ ಎಲ್ಲರೂ ಬಂದು ಸೇರಿಕೊಳ್ಳುತ್ತಾರೆ ಎಂಬ ಭಯ. ಆ ಭಯ ಇವತ್ತಿಗೂ ಹೋಗಿಲ್ಲ. ಜೈಲಿನ ಊಟ ಸುಧಾರಿಸಿತು ಎಂದರೆ ಸಾಕು, ‘ಕಳ್ಳರಿಗೆ ರಾಜೋಪಚಾರ’ ಎಂದು ಮೂಗು ಮುರಿಯುತ್ತೇವೆ. ಹೊರಗಿನವನ ಮೆಟ್ಟಿಲು ಯಾಕೆ ಅಷ್ಟು ಕೆಳಗಿದೆ ಎಂದು ಮಾತ್ರ ಕೇಳುವುದಿಲ್ಲ.

ಈಗಿನ ಲೆಕ್ಕಕ್ಕೆ ಬರೋಣ. 65 ದಾಟಿದ ಬಡವರಿಗೆ 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಪಿಂಚಣಿ ಈಗ ತಿಂಗಳಿಗೆ 1,200 ರೂಪಾಯಿ. ದಿನಕ್ಕೆ 40. ಇಂದಿರಾ ಕ್ಯಾಂಟೀನ್ ಇರುವ ಊರಲ್ಲಿ ತಿಂಡಿಗೆ 5, ಎರಡು ಹೊತ್ತಿನ ಊಟಕ್ಕೆ ಹತ್ತತ್ತು, ಒಟ್ಟು 25 ರೂಪಾಯಿ. ಉಳಿದ 15ರಲ್ಲಿ ಒಂದು ಟೀ, ಎಲೆಅಡಿಕೆ, ಬಿಪಿ ಮಾತ್ರೆ. ಅಂದರೆ ಧಾತು ಬರದ ಹಸಿವು ಇವತ್ತಿನದಲ್ಲ. ಅಕ್ಕಿ ಪುಕ್ಕಟೆ ಸಿಗುತ್ತದೆ. ಬೇಯಿಸುವುದಕ್ಕೆ ಒಲೆ, ಒಲೆ ಹೂಡುವುದಕ್ಕೆ ನಾಲ್ಕು ಗೋಡೆ ಇಲ್ಲ. ರಾತ್ರಿ ಮಲಗುವುದೆಲ್ಲಿ, ಬೆಳಿಗ್ಗೆ ಹೊರಕಡೆಗೆ ಹೋಗುವುದೆಲ್ಲಿ, ಪಂಚೆ ಒಗೆದು ಒಣಹಾಕುವುದೆಲ್ಲಿ ಎಂಬುದು ಇವತ್ತಿನ ಕಷ್ಟ. ಹೋಲಿಸಬೇಕೆಂದರೆ ಇನ್ನೊಂದು ಅಂಕಿ ಇದೆ. ಕರ್ನಾಟಕದ ಜೈಲುಗಳಲ್ಲಿ ಕೆಲಸ ಮಾಡುವ ಶಿಕ್ಷಾಬಂಧಿಗಳ ದಿನಗೂಲಿ ಈಗ 500 ರೂಪಾಯಿ ದಾಟಿದೆ. ಒಳಗಿನ ಮೂರು ದಿನದ ದುಡಿಮೆ ಹೊರಗಿನ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚು. ಕೈದಿಗೆ ಕೂಲಿ ಕೊಟ್ಟದ್ದು ಸರಿಯೇ, ಅದರಲ್ಲಿ ನನಗೆ ತಕರಾರಿಲ್ಲ. ಕಣ್ಣು ಚುಚ್ಚುವುದು ಆ 1,200.

ಅದು ಕೂಡ ಕೈಗೆ ಬರಬೇಕಾದರೆ ಆಧಾರ್ ಬೇಕು, ಬ್ಯಾಂಕ್ ಖಾತೆ ಬೇಕು, ಎರಡೂ ಜೋಡಣೆಯಾಗಿರಬೇಕು. ಜೀವಮಾನವೆಲ್ಲ ಇಟ್ಟಿಗೆ ಹೊತ್ತ, ಗಾರೆ ಕಲಸಿದ ಹೆಬ್ಬೆರಳಿನಲ್ಲಿ ಗೆರೆಗಳೇ ಉಳಿದಿರುವುದಿಲ್ಲ. ಯಂತ್ರದ ಮೇಲೆ ಒತ್ತಿದರೆ ಕೆಂಪು ದೀಪ. ‘ನಾಳೆ ಬಾ ತಾತ’ ಅನ್ನುತ್ತಾನೆ ಹುಡುಗ. ಮನೆ ಬಿಟ್ಟು ಬಂದವರಿಗೆ ಆ ನಾಳೆಯೂ ಕಷ್ಟ, ಯಾಕೆಂದರೆ ಕಾಗದಗಳೆಲ್ಲ ಬಿಟ್ಟು ಬಂದ ಮನೆಯ ಟ್ರಂಕಿನಲ್ಲೇ ಉಳಿದಿರುತ್ತವೆ.

ಮನೆ ಬಿಡುವುದು ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ರೀತಿ. ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು. ಆರ್‌ಸಿಸಿ ಮನೆಗಳು ಬಂದ ಮೇಲೆ ಹೆಂಚು ಕೇಳುವವರು ಕಡಿಮೆಯಾದರು. ಕಾರ್ಖಾನೆಯ ಶೆಡ್ಡಿನಲ್ಲೇ ಸಂಸಾರ ಮಾಡಿದವರಿಗೆ ಕೆಲಸ ಹೋದ ದಿನವೇ ಸೂರೂ ಹೋಗುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕಾವಲಿಗೆ ಇರುವವರು ಹೆಚ್ಚಾಗಿ ವಯಸ್ಸಾದವರೇ. ಹೂ ಕಚ್ಚಿದಾಗಿಂದ ಕೊನೆಯ ಲಾರಿ ಮಂಡಿಗೆ ಹೋಗುವವರೆಗೆ ಗುಡಿಸಲಿಗೆ ಒಬ್ಬ ಮುದುಕ ಬೇಕು. ಫಸಲು ಮುಗಿದರೆ ಆ ಗುಡಿಸಲೂ ಬೇಡ, ಮುದುಕನೂ ಬೇಡ. ಮುಳಬಾಗಿಲು ಹೆದ್ದಾರಿ ಮೇಲಿನ ಊರು. ಆಂಜನೇಯನ ಗುಡಿ ಇದೆ, ಹೈದರ್ ವಲಿ ದರ್ಗಾ ಇದೆ. ಭಕ್ತರು ಬರುವ ಕಡೆ ಅನ್ನ ಸಿಗುತ್ತದೆ, ಅನ್ನ ಸಿಗುವ ಕಡೆ ದಿಕ್ಕಿಲ್ಲದವರು ಸೇರುತ್ತಾರೆ. ಇನ್ನು ಕೋಲಾರದ ಸುತ್ತ, ನರಸಾಪುರ, ವೇಮಗಲ್ ಕಡೆ ಕೈಗಾರಿಕೆ ಬಂದ ಮೇಲೆ ಭೂಮಿಗೆ ಬಂಗಾರದ ಬೆಲೆ ಬಂತು. ಅಲ್ಲಿ ಮುದುಕರನ್ನು ಬೀದಿಗೆ ತಂದದ್ದು ಬಡತನ ಅಂತ ಹೇಳಲಿಕ್ಕಾಗುವುದಿಲ್ಲ. ಅಪ್ಪನ ಹೆಸರಲ್ಲಿದ್ದ ಎರಡೆಕರೆಗೆ ಬಂದ ಬೆಲೆಯೇ ತಂದಿತು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಭೂಮಿ ಮಗನ ಹೆಸರಿಗೆ ಹೋಗುವ ಕ್ರಮ ನೋಡಿದವರಿಗೆ ಗೊತ್ತು. ಮಗ ಅಪ್ಪನನ್ನು ಕಾರಿನಲ್ಲಿ ಕರೆತರುತ್ತಾನೆ. ಒಗೆದ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಪತ್ರ ಬರಹಗಾರರು ಮೊದಲೇ ಸಿದ್ಧಪಡಿಸಿಟ್ಟ ದಾನಪತ್ರವನ್ನು ಗಡಗಡ ಓದುತ್ತಾರೆ. ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾತು ಅದರಲ್ಲಿ ತಪ್ಪದೆ ಇರುತ್ತದೆ. ‘ಕೊನೆಗಾಲದವರೆಗೆ ನನ್ನನ್ನು ನೋಡಿಕೊಳ್ಳತಕ್ಕದ್ದು’ ಎಂಬ ಸಾಲು ಇರುವುದು ಅಪರೂಪ. ಫೋಟೊ, ಹೆಬ್ಬೆಟ್ಟು, ಆಮೇಲೆ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ. ಖಾತೆ ಬದಲಾಗುವ ತನಕ ಅಪ್ಪನಿಗೆ ಒಳ್ಳೆಯ ಮರ್ಯಾದೆ.

2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಇಂಥವರಿಗಾಗಿಯೇ ಇದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ವಾಪಸು ಪಡೆಯಬಹುದು. ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ತೀರ್ಪು, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕು ಎಂದಿತು. ಅರ್ಜಿ ಹಾಕುವುದು ಎಸಿ ಕೋರ್ಟಿನಲ್ಲಿ, ಅಂದರೆ ಉಪವಿಭಾಗಾಧಿಕಾರಿಯ ಎದುರು. ವಕೀಲರು ಬೇಡ, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಆದರೆ ಎಸಿ ಕೂರುವುದು ಕೋಲಾರದಲ್ಲಿ. ಶ್ರೀನಿವಾಸಪುರ ತಾಲ್ಲೂಕಿನ ತುದಿ, ಆಂಧ್ರದ ಗಡಿಯಲ್ಲಿರುವ ರಾಯಲ್ಪಾಡಿನಿಂದ ಅಜ್ಜಿ ಬರುವುದಾದರೆ ಬಸ್ಸು ಪುಕ್ಕಟೆ. ತಾತನಿಗೆ ಟಿಕೆಟ್ಟಿನಲ್ಲಿ ಕಾಲು ಭಾಗ ಮಾತ್ರ ರಿಯಾಯಿತಿ. ಬಂದ ದಿನ ಸಾಹೇಬರು ಚುನಾವಣೆ ಕೆಲಸಕ್ಕೋ ಮಂತ್ರಿಗಳ ಪ್ರವಾಸಕ್ಕೋ ಹೋಗಿದ್ದರೆ ವಾಯಿದೆ.

ಇದೇ ಕಾಯ್ದೆಯ 24ನೇ ಕಲಮು ಹೇಳುತ್ತದೆ: ಹಿರಿಯರನ್ನು ಎಲ್ಲಾದರೂ ಬಿಟ್ಟು ಕೈತೊಳೆದುಕೊಂಡವರಿಗೆ ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಹುಪಾಲು ತಂದೆತಾಯಿ ಎಡವುವುದು ಇಲ್ಲಿ. ತಾನು ಬೇಕಾದರೆ ಜೈಲಿಗೆ ಹೋಗುತ್ತೇನೆ ಅನ್ನುವ ಅದೇ ತಾತ ‘ಮಗನ ಮೇಲೆ ಕೇಸು ಹಾಕೋಣವಾ?’ ಎಂದು ಕೇಳಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾನೆ.

ಹೀಗಾಗಿ ಕಾನೂನಿನ ಬಾಗಿಲು ತಟ್ಟುವವರು ಕಡಿಮೆ, ಆಸ್ಪತ್ರೆಯ ಬಾಗಿಲಿಗೆ ಬಂದು ಬೀಳುವವರು ಹೆಚ್ಚು. 2025ರ ಮಾರ್ಚಿನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರೇ ಹೇಳಿದಂತೆ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟುಹೋಗಿದ್ದರು. ಅಂಥವರ ಮೇಲೆ ದೂರು ಕೊಡಿ, ಆಸ್ತಿ ವರ್ಗಾವಣೆ ರದ್ದು ಮಾಡಿಸಿ ಎಂದು ಸಚಿವರು ಸೂಚನೆ ಕೊಟ್ಟರು. ಚಿಕಿತ್ಸೆ ಮುಗಿದರೂ ಹಾಸಿಗೆ ಬಿಟ್ಟು ಹೋಗಲು ಜಾಗವಿಲ್ಲದ ರೋಗಿಗಳು ಅವರು. ಆಸ್ಪತ್ರೆ ಅವರ ಪಾಲಿಗೆ ಊಟ ಕೊಡುವ, ದೀಪ ಆರದ, ಯಾರೋ ಒಬ್ಬರು ಹೆಸರು ಕರೆಯುವ ಜಾಗ. ತಾತ ಜೈಲಿನಲ್ಲಿ ಹುಡುಕುವುದೂ ಅದನ್ನೇ.

ಬೀದಿಗೆ ಬಿದ್ದ ಮೇಲೆ ಕೈ ಚಾಚದೆ ಗತಿಯಿಲ್ಲ. ಇಲ್ಲಿ ಕಾನೂನು ನಿಜಕ್ಕೂ ವಿಚಿತ್ರವಾಗುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಭಿಕ್ಷೆ ಬೇಡಿ ಸಿಕ್ಕಿಬಿದ್ದವರನ್ನು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಇರಿಸಲು ಆದೇಶಿಸಬಹುದು. ಈಗ ಇದನ್ನು ಕಳ್ಳತನದ ಪಕ್ಕದಲ್ಲಿಟ್ಟು ನೋಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು, ಮೊದಲ ಸಲ ಸಿಕ್ಕಿಬಿದ್ದು, ಕದ್ದದ್ದನ್ನು ವಾಪಸು ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಬೇಕರಿಯಿಂದ ಬನ್ನು ಎತ್ತಿಕೊಂಡವನು ಪಾರ್ಕು ಗುಡಿಸಿ ಬರಬಹುದು, ಅದೇ ಬನ್ನನ್ನು ‘ಅಮ್ಮಾ ತಾಯೀ’ ಎಂದು ಬೇಡಿದವನು ವರ್ಷಗಟ್ಟಲೆ ಒಳಗಿರಬೇಕು! ಭಿಕ್ಷೆಯನ್ನು ಅಪರಾಧವಾಗಿಸುವ ಇಂಥದೇ ಕಲಮುಗಳನ್ನು ದೆಹಲಿ ಹೈಕೋರ್ಟು 2018ರ ಆಗಸ್ಟಿನಲ್ಲಿ ಅಲ್ಲಿಗೆ ರದ್ದು ಮಾಡಿತು.

ಆ ಪರಿಹಾರ ಕೇಂದ್ರವಾದರೂ ಹೇಗಿತ್ತು? ಬೆಂಗಳೂರು ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ವಾಂತಿಭೇದಿ, ಕೊಳಕು, ಕೊಠಡಿ ಹಿಡಿಸದಷ್ಟು ಜನ. ಹೆಸರಿನಲ್ಲಿ ಪರಿಹಾರ ಇತ್ತು, ಬಾಗಿಲಲ್ಲಿ ಬೀಗ ಇತ್ತು. ಜೈಲಿಗಿರುವ ಕಟ್ಟುಪಾಡು ಮಾತ್ರ ಅಲ್ಲಿಗೆ ತಲುಪಿರಲಿಲ್ಲ.

ಹಾಗಾದರೆ ಜೈಲಿಗೇ ಹೋಗುತ್ತೇನೆ ಎಂದು ಮುದುಕನೊಬ್ಬ ಹಟ ಹಿಡಿದ ಅಂತಿಟ್ಟುಕೊಳ್ಳಿ. ಅದೂ ಸುಲಭವಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮು, ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ 60 ದಾಟಿದವರನ್ನೂ ದುರ್ಬಲರನ್ನೂ ಡಿವೈಎಸ್‌ಪಿ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ ಎನ್ನುತ್ತದೆ. ಓ ಹೆನ್ರಿಯ ‘ದಿ ಕಾಪ್ ಅಂಡ್ ದಿ ಆಂಥಮ್’ ಕತೆಯಲ್ಲಿ ಚಳಿಗಾಲ ಕಳೆಯಲು ಜೈಲು ಸೇರಬೇಕೆಂದು ಅಲೆಮಾರಿಯೊಬ್ಬ ಏನೆಲ್ಲ ಮಾಡಿದರೂ ಪೊಲೀಸರು ಹಿಡಿಯುವುದಿಲ್ಲ. ಕೋಲಾರದ ತಾತನದೂ ಹೆಚ್ಚುಕಡಿಮೆ ಅದೇ ಪಾಡು. ಠಾಣೆಯವರು ಒಂದು ಟೀ ಕುಡಿಸಿ ‘ಹೋಗು ತಾತ, ನಮಗ್ಯಾಕೆ ತಲೆನೋವು’ ಎಂದು ಕಳಿಸುವುದೇ ಹೆಚ್ಚು.

ಇನ್ನು ಅಪ್ಪಿತಪ್ಪಿ ಒಳಗೆ ಹೋದನೋ, ಹೊರಗೆ ಬರುವುದು ಮತ್ತೂ ಕಷ್ಟ. ಜಾಮೀನಿಗೆ ಒಬ್ಬ ಶ್ಯೂರಿಟಿ ಬೇಕು, ಅವನ ಹೆಸರಲ್ಲಿ ಪಹಣಿ ಬೇಕು. ತನ್ನ ಪಹಣಿಯನ್ನೇ ಮಗನಿಗೆ ಬರೆದುಕೊಟ್ಟವನಿಗೆ ಇನ್ನೊಬ್ಬನ ಪಹಣಿ ಯಾರು ತರುತ್ತಾರೆ? 1978ರಲ್ಲೇ ಮೋತಿರಾಮ್ ಎಂಬ ಗಾರೆಯವರ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬಡವರಿಗೆ ಹತ್ತು ಸಾವಿರದ ಜಾಮೀನು ಕೇಳುವುದನ್ನು ಖಂಡಿಸಿದ್ದರು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು. ಆ ದಿನಗೂಲಿ 500 ಇವರಿಗಿಲ್ಲ, ಅದು ಶಿಕ್ಷೆ ಆದವರಿಗೆ ಮಾತ್ರ.

ಒಳಗಿನ ಮುಪ್ಪು ಎಂಥದ್ದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಫಾದರ್ ಸ್ಟ್ಯಾನ್ ಸ್ವಾಮಿಯವರನ್ನು 2020ರ ಅಕ್ಟೋಬರಿನಲ್ಲಿ ಬಂಧಿಸಿದಾಗ ಅವರಿಗೆ 83 ವರ್ಷ. ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ಲೋಟ ನಿಲ್ಲುತ್ತಿರಲಿಲ್ಲ. ನೀರು ಕುಡಿಯಲು ಒಂದು ಸ್ಟ್ರಾ ಮತ್ತು ಸಿಪ್ಪರ್ ಲೋಟಕ್ಕಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನು ಸಿಗುವ ಮೊದಲೇ ತೀರಿಕೊಂಡರು. ದೇಶವೆಲ್ಲ ಹೆಸರು ಬಲ್ಲ, ಬೆನ್ನಿಗೆ ವಕೀಲರಿದ್ದ ಪಾದ್ರಿಯ ಗತಿ ಇದು. ರಾತ್ರಿ ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗುವ ಮುದುಕ, ಸಾಲಾಗಿ ಮಲಗಿದವರ ಕಾಲು ತುಳಿಯದೆ ಕತ್ತಲಲ್ಲಿ ದಾಟುವುದನ್ನು ಯೋಚಿಸಿದರೆ ಸಾಕು, ‘ವಾಸಿ’ ಎಂಬ ಮಾತು ಗಂಟಲಲ್ಲೇ ನಿಲ್ಲುತ್ತದೆ.

ಜಪಾನಿನಲ್ಲಿ ಇದು ಬರಿಯ ಮಾತಾಗಿ ಉಳಿದಿಲ್ಲ. ಅಲ್ಲಿ ಪೊಲೀಸರಿಗೆ ಸಿಕ್ಕಿಬೀಳುವವರಲ್ಲಿ ಐವರಲ್ಲೊಬ್ಬರು 65 ದಾಟಿದವರು. ಹೆಚ್ಚಿನವರದು ಅಂಗಡಿಯಲ್ಲಿ ಕದ್ದ ಸಣ್ಣಪುಟ್ಟ ಸಾಮಾನು. ಬಿಡುಗಡೆಯಾಗಿ ಮತ್ತೆ ಕದ್ದು ಮತ್ತೆ ಬರುವವರಿದ್ದಾರೆ. ಟೋಚಿಗಿಯ ಹೆಂಗಸರ ಜೈಲಿನಲ್ಲಿ ಮುದುಕಿಯರಿಗೆ ಸ್ನಾನ ಮಾಡಿಸಲು, ಊಟ ಮಾಡಿಸಲು ಸಹಾಯಕರು ಬೇಕಾಗಿದ್ದಾರೆ. ಅವರಲ್ಲಿ ಹಲವರಿಗೆ ಹೊರಗೆ ಬಾಡಿಗೆ ಕೋಣೆ ಇದೆ, ಸಣ್ಣ ಪಿಂಚಣಿ ಇದೆ. ಮಾತಾಡಿಸುವವರು ಇಲ್ಲ.

ಆದರೂ ನಮ್ಮ ತಾತನ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಜೈಲಿನಲ್ಲಿ ಹೊರಗೆ ಎಲ್ಲೂ ಸಿಗದ ಒಂದು ಸಂಗತಿ ಇದೆ. ಅಲ್ಲಿ ಪ್ರತಿಯೊಂದು ತಲೆಗೂ ಸರ್ಕಾರ ಲೆಕ್ಕ ಕೊಡಬೇಕು. ಒಳಗೆ ಬಂದ ದಿನ ವೈದ್ಯರು ನೋಡಿ, ಮೈಮೇಲಿನ ಗುರುತು ಬರೆದುಕೊಳ್ಳುತ್ತಾರೆ. ಬೀಗ ತೆಗೆಯುವಾಗ ಎಣಿಕೆ, ಬೀಗ ಹಾಕುವಾಗ ಎಣಿಕೆ. ಒಬ್ಬ ಕಡಿಮೆಯಾದರೆ ಗಂಟೆ ಬಾರಿಸುತ್ತದೆ. ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕು. ಇವೆಲ್ಲ ಸರಿಯಾಗಿ ನಡೆಯುತ್ತವೆ ಎಂದಲ್ಲ. ನಡೆಯದಿದ್ದರೆ ಕೇಳಲು ಒಂದು ದಾರಿ ಇದೆ.

ಬಸ್ ನಿಲ್ದಾಣದಲ್ಲಿ ಸತ್ತವನಿಗೆ ಸಿಗುವುದು ಠಾಣೆಯ ಯುಡಿಆರ್, ಅಂದರೆ ಅಸಹಜ ಸಾವಿನ ಪುಸ್ತಕದಲ್ಲಿ ಒಂದು ನಂಬರು, ಪತ್ರಿಕೆಯಲ್ಲಿ ಅಂಗೈಯಗಲದ ಜಾಗ. ಅಪರಿಚಿತ ಗಂಡಸಿನ ಶವ, ಸುಮಾರು 65 ವರ್ಷ, ಗೋಧಿ ಮೈಬಣ್ಣ, ಕೋಲುಮುಖ, ಬಿಳಿ ಪಂಚೆ, ಗೆರೆ ಷರ್ಟು, ವಾರಸುದಾರರು ಸಂಪರ್ಕಿಸಬಹುದು. ಬದುಕಿದ್ದಾಗ ಅವನನ್ನು ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ. 2011ರ ಫೆಬ್ರುವರಿ 28ರ ರಾತ್ರಿ ಗಣತಿಯವರು ಟಾರ್ಚು ಹಿಡಿದು ದೇಶದ ಬೀದಿ, ಸೇತುವೆ, ಸ್ಟೇಷನ್‌ಗಳಲ್ಲಿ ಮಲಗಿದ್ದ 17.7 ಲಕ್ಷ ಸೂರಿಲ್ಲದವರನ್ನು ಎಣಿಸಿದರು. ಜೈಲಿನಲ್ಲಿ ದಿನಾ ಬೆಳಿಗ್ಗೆ ಸಂಜೆ ನಡೆಯುವ ಕೆಲಸ, ಹೊರಗಿನವರಿಗೆ ಹತ್ತು ವರ್ಷಕ್ಕೊಂದು ರಾತ್ರಿ. 2021ರಲ್ಲಿ ಅದೂ ನಡೆಯಲಿಲ್ಲ.

ಇನ್ನೊಂದು ವ್ಯತ್ಯಾಸ. ಕೋರ್ಟು ಒಬ್ಬನನ್ನು ಕಳಿಸಿದರೆ ಜಾಗ ಇಲ್ಲ ಎಂದು ಜೈಲಿನವರು ವಾಪಸು ಕಳಿಸುವಂತಿಲ್ಲ, ಎಷ್ಟೇ ಕಿಕ್ಕಿರಿದಿರಲಿ ಸೇರಿಸಿಕೊಳ್ಳಲೇಬೇಕು. ವೃದ್ಧಾಶ್ರಮದವರು ಹೇಳಬಹುದು, ಹೇಳುತ್ತಾರೆ ಕೂಡ. 2007ರ ಕಾಯ್ದೆಯ 19ನೇ ಕಲಮಿನಲ್ಲಿ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ದಿಕ್ಕಿಲ್ಲದ 150 ಮಂದಿಗೆ ಜಾಗ ಎಂದು ಬರೆದಿದೆ. ಆದರೆ ರಾಜ್ಯ ಸರ್ಕಾರ ‘ಸ್ಥಾಪಿಸಬಹುದು’ ಎಂದಿದೆ, ‘ಸ್ಥಾಪಿಸತಕ್ಕದ್ದು’ ಎಂದಿಲ್ಲ. ಹದಿನೈದು ಲಕ್ಷ ಜನರ ಕೋಲಾರ ಜಿಲ್ಲೆಗೆ 150 ಹಾಸಿಗೆ ದೊಡ್ಡ ಬೇಡಿಕೆಯೇನಲ್ಲ. ದುಡ್ಡಿಲ್ಲ ಎಂದು ನೆಪ ಹೇಳುವಂತೆಯೂ ಇಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರಲ್ಲೇ ಆಗಲಿ ಮನೆ ಕಂದಾಯ ಕಟ್ಟುವವರು ಅದರ ಜೊತೆಗೆ ನೂರಕ್ಕೆ ಮೂರರಂತೆ ಭಿಕ್ಷುಕರ ಕರವನ್ನೂ ಕಟ್ಟುತ್ತಾರೆ. ಚಲನ್ನಿನಲ್ಲಿ ಗ್ರಂಥಾಲಯ ಕರದ ಆಸುಪಾಸು ಅದಕ್ಕೊಂದು ಸಾಲೇ ಇದೆ. ಈ ಸಲ ಕಟ್ಟುವಾಗ ಆ ಸಾಲಿನ ಮೇಲೆ ಬೆರಳಿಟ್ಟು, ಈ ದುಡ್ಡು ಎಲ್ಲಿಗೆ ಹೋಯಿತು, ನಮ್ಮೂರಲ್ಲಿ ರಾತ್ರಿ ಮಲಗಲು ಒಬ್ಬ ಮುದುಕನಿಗೆ ಜಾಗ ಎಲ್ಲಿ ಮಾಡಿದ್ದೀರಿ ಎಂದು ಕೌಂಟರಿನಲ್ಲಿ ಕೇಳಿ. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ. ಮೂವತ್ತು ದಿನದೊಳಗೆ ಅವರು ಬರವಣಿಗೆಯಲ್ಲಿ ಹೇಳಲೇಬೇಕು.